ಒಂದು ಸ್ಲೀವ್, ನಾಲ್ಕು ಮೆಷೀನು: ಯಾವ ಸಿಎನ್‌ಸಿ ಯಾವ ಕೆಲಸಕ್ಕೆ?

ಹೊಸ ಸೆಟ್ಟರ್

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ. ನಾನು ಒಂದು ವರ್ಷ ಸಿಎನ್‌ಸಿ (ಕಂಪ್ಯೂಟರ್ ಪ್ರೋಗ್ರಾಮಿನಿಂದ ಓಡುವ) ಲೇತ್ ಆಪರೇಟರ್ ಆಗಿದ್ದೆ, ಆಮೇಲೆ ಮೂರು ವರ್ಷದಿಂದ ವಿಎಂಸಿ (ಸ್ಪಿಂಡಲ್ ನೇರ ನಿಂತಿರುವ ಮಿಲ್ಲಿಂಗ್ ಮೆಷೀನ್) ಸೆಟ್ಟಿಂಗ್ ಮಾಡುತ್ತಿದ್ದೇನೆ. ಈಗ ಬಂದಿರುವ ಒಂದು ಜಾಬ್ ನನ್ನ ನಿದ್ದೆ ಕೆಡಿಸಿದೆ.

ಹೈಡ್ರಾಲಿಕ್ ವಾಲ್ವಿನ ಸ್ಲೀವ್, ಅಂದರೆ ಕೊಳವೆಯಂಥ ಭಾಗ. ಅಲಾಯ್ ಸ್ಟೀಲ್, ಗಟ್ಟಿ ಮಾಡಿದ ಮೇಲೆ 58ರಿಂದ 60 ಎಚ್‌ಆರ್‌ಸಿ (ಗಡಸುತನದ ಅಳತೆ). ಉದ್ದ 60 ಮಿ.ಮೀ. ಹೊರಗಿನ ವ್ಯಾಸ 25, ಮೇಲೆ ಸೊನ್ನೆ, ಕೆಳಗೆ 13 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲಿ ಒಂದು ಭಾಗ). ಬೋರ್ (ಒಳಗಿನ ತೂತು) 12, ಸೊನ್ನೆಯಿಂದ ಪ್ಲಸ್ 18 ಮೈಕ್ರಾನ್. ಬೋರಿಗೂ ಹೊರಮೈಗೂ ಕಾನ್ಸೆಂಟ್ರಿಸಿಟಿ (ಎರಡರ ಸೆಂಟರ್ ಒಂದೇ ಕಡೆ ಇರುವುದು) 10 ಮೈಕ್ರಾನ್ ಒಳಗೆ ಇರಬೇಕು. ಗೋಡೆಯಲ್ಲಿ ನಾಲ್ಕು ಅಡ್ಡ ತೂತು, ಜೊತೆಗೆ 1.5 ಮಿ.ಮೀ. ಅಗಲದ ಎರಡು ಸ್ಲಾಟ್. ಸ್ಲಾಟಿನ ಮೂಲೆಯಲ್ಲಿ ರೇಡಿಯಸ್ 0.2ಕ್ಕಿಂತ ಜಾಸ್ತಿ ಇರಬಾರದು. ಒಟ್ಟು 200 ಪೀಸ್.

ಈಗ ಮಾಡುತ್ತಿರುವುದು ಹೀಗೆ. ಲೇತಿನಲ್ಲಿ ಒಂದು ಕಡೆ ಮುಗಿಸಿ, ತಿರುಗಿಸಿ ಹಿಡಿದು ಇನ್ನೊಂದು ಕಡೆ. ಆಮೇಲೆ ವಿಎಂಸಿಯಲ್ಲಿ ವಿ ಬ್ಲಾಕ್ ಮೇಲೆ ಮಲಗಿಸಿ ತೂತು, ಮತ್ತೆ ತಿರುಗಿಸಿ ಉಳಿದ ತೂತು. ಹಾರ್ಡನಿಂಗ್. ಕೊನೆಗೆ ಹೊರಮೈ ಗ್ರೈಂಡಿಂಗ್. ಸ್ಲಾಟಿಗೆ ಇನ್ನೂ ದಾರಿಯೇ ಸಿಕ್ಕಿಲ್ಲ. 10 ಪೀಸ್ ಮಾಡಿದೆ, ಒಂದೂ ಪಾಸ್ ಆಗಲಿಲ್ಲ. ಕಾನ್ಸೆಂಟ್ರಿಸಿಟಿ 30, 40 ಮೈಕ್ರಾನ್ ಬರುತ್ತಿದೆ, ತೂತುಗಳ ಕೋನವೂ ಸರಿಯಿಲ್ಲ. ನಮ್ಮ ಯಜಮಾನರು ಐದು ಆಕ್ಸಿಸ್ ಮೆಷೀನ್ ತಗೊಂಡರೆ ಎಲ್ಲಾ ಒಂದೇ ಸಲ ಆಗುತ್ತದೆ ಅಂತಿದ್ದಾರೆ. ನಿಜವಾಗಲೂ ಆಗುತ್ತಾ? ಯಾವ ಮೆಷೀನ್ ಯಾವುದಕ್ಕೆ ಅಂತ ಗೊತ್ತಿರುವವರು ಬಿಡಿಸಿ ಹೇಳಿ.

ಲೇತ್ ಬೆಡ್

ಮೊದಲು ಒಂದು ಕೆಲಸ ಮಾಡಿ. ಮೆಷೀನಿನ ಹೆಸರು ಪಕ್ಕಕ್ಕಿಟ್ಟು, ಬಾರಿನಿಂದ ಕೊನೆಯ ಗೇಜ್‌ವರೆಗೆ ಈ ಸ್ಲೀವನ್ನು ಎಷ್ಟು ಸಲ ಬಿಟ್ಟು ಮತ್ತೆ ಹಿಡಿಯುತ್ತೀರಿ ಅಂತ ಎಣಿಸಿ. ನೀವು ಬರೆದಿದ್ದರಲ್ಲೇ ಐದು ಸಲ ಆಯಿತು. ಪ್ರತಿ ಸಲ ಬಿಟ್ಟು ಹಿಡಿದಾಗ ಜಾಬಿನ ಸೆಂಟರ್ ಸ್ವಲ್ಪ ಸರಿಯುತ್ತದೆ. ಸಾಮಾನ್ಯ ಹಾರ್ಡ್ ಜಾ ಹಾಕಿದ ಮೂರು ಜಾ ಚಕ್ಕಿನಲ್ಲಿ ತಿರುಗಿಸಿ ಹಿಡಿದರೆ 30 ಮೈಕ್ರಾನ್ ರನ್‌ಔಟ್ (ಸುತ್ತುವಾಗಿನ ಓಲಾಟ) ಬರುವುದು ದೊಡ್ಡ ವಿಷಯವೇ ಅಲ್ಲ. ಮೆಷೀನ್ ಎಷ್ಟೇ ಚೆನ್ನಾಗಿರಲಿ, ಹಿಡಿತದಲ್ಲಿ ಹೋದದ್ದು ವಾಪಸ್ ಬರುವುದಿಲ್ಲ.

ಇದು ಗುಂಡನೆಯ ಜಾಬ್. ಗುಂಡನೆಯ ಜಾಬಿನ ಮನೆ ಲೇತ್. ಆದರೆ ಎಕ್ಸ್ ಮತ್ತು ಝಡ್ ಮಾತ್ರ ಇರುವ ಎರಡು ಆಕ್ಸಿಸ್ ಲೇತ್ ಅಲ್ಲ, ಟರ್ನ್‌ಮಿಲ್ ಬೇಕು. ಅದರಲ್ಲಿ ಮೂರು ವಿಷಯ ನೋಡಿ. ಒಂದು, ಸಿ ಆಕ್ಸಿಸ್: ಸ್ಪಿಂಡಲ್ ಬರೀ ಸುತ್ತುವುದಲ್ಲ, ಹೇಳಿದ ಡಿಗ್ರಿಯಲ್ಲಿ ನಿಲ್ಲುತ್ತದೆ. ಎರಡು, ಲೈವ್ ಟೂಲ್: ಟರೆಟ್ಟಿನಲ್ಲಿ ಕೂತ ಡ್ರಿಲ್ ತಾನೇ ತಿರುಗುತ್ತದೆ. ಇವೆರಡೂ ಸೇರಿದರೆ ನಿಮ್ಮ ನಾಲ್ಕು ತೂತು ಅದೇ ಹಿಡಿತದಲ್ಲಿ, ಅದೇ ಸೆಂಟರಿಗೆ ಆಗುತ್ತವೆ, ವಿ ಬ್ಲಾಕ್ ಬೇಕಾಗಿಲ್ಲ. ಮೂರು, ಸಬ್ ಸ್ಪಿಂಡಲ್: ಮೇನ್ ಸ್ಪಿಂಡಲ್ ಜಾಬನ್ನು ಬಿಡುವ ಮೊದಲೇ ಎದುರಿನ ಸ್ಪಿಂಡಲ್ ಅದೇ ವೇಗದಲ್ಲಿ ಸುತ್ತುತ್ತಾ ಬಂದು ಹಿಡಿದುಕೊಳ್ಳುತ್ತದೆ. ಆಮೇಲೆ ಕಟ್‌ಆಫ್. ಹಿಂಬದಿಯ ಫೇಸ್ ಅಲ್ಲೇ ಮುಗಿಯುತ್ತದೆ, ಕೈ ಹಾಕುವ ಮಾತೇ ಇಲ್ಲ. ಈ ಹಸ್ತಾಂತರವನ್ನು ಮೊದಲ ಸಲ ಗಾಜಿನ ಆಚೆಯಿಂದ ನೋಡಿದಾಗ ನಾನು ಸೈಕಲ್ ಮುಗಿಯುವವರೆಗೂ ಅಲ್ಲಾಡದೆ ನಿಂತಿದ್ದೆ.

ಇನ್ನೊಂದು ಮಾತು. ವೈ ಆಕ್ಸಿಸ್ ಇಲ್ಲದ ಟರ್ನ್‌ಮಿಲ್ಲಿನಲ್ಲಿ ಲೈವ್ ಟೂಲ್ ಹೋಲ್ಡರಿನ ಸೆಂಟರ್ ಹೈಟ್ ತಪ್ಪಿದ್ದರೆ ಎಲ್ಲಾ ತೂತೂ ಬೋರಿನ ಸೆಂಟರಿನಿಂದ ಪಕ್ಕಕ್ಕೆ ಹೋಗುತ್ತವೆ. ಆಫ್‌ಸೆಟ್ (ಕಂಟ್ರೋಲಿನಲ್ಲಿ ಅಳತೆಯ ತಿದ್ದುಪಡಿ) ಕೊಟ್ಟು ಸರಿ ಮಾಡೋಣ ಅಂದರೆ ಆ ದಿಕ್ಕಿನಲ್ಲಿ ಆಕ್ಸಿಸ್ಸೇ ಇಲ್ಲ. ಹಾಗಾಗಿ ಜಾಬ್ ಹಾಕುವ ಮೊದಲೇ ಡಯಲ್ ಹಚ್ಚಿ ನೋಡಿಬಿಡಿ.

ಐದು ಆಕ್ಸಿಸ್

ನಾನು ದಿನಾ ಐದು ಆಕ್ಸಿಸ್ ಮೆಷೀನಿನಲ್ಲೇ ಇರುವವನು, ಅದನ್ನು ತುಂಬಾ ಇಷ್ಟಪಡುವವನು. ಆದರೂ ಈ ಜಾಬಿಗೆ ಅದು ಬೇಡ ಅಂತಲೇ ಹೇಳುತ್ತೇನೆ. ಲೇತ್ ಬೆಡ್ ಅವರು ಹೇಳಿದ್ದು ಸರಿ.

ಐದು ಆಕ್ಸಿಸ್ ಅಂದರೆ ಎಕ್ಸ್, ವೈ, ಝಡ್ ಜೊತೆಗೆ ಎರಡು ತಿರುಗುವ ಆಕ್ಸಿಸ್. ಅದರಲ್ಲಿ ಎರಡು ರೀತಿಯ ಕೆಲಸ ಇದೆ, ಜನ ಕಲಸಿಬಿಡುತ್ತಾರೆ. ಒಂದರಲ್ಲಿ ಟೇಬಲ್ಲನ್ನು ಬೇಕಾದ ಕೋನಕ್ಕೆ ತಿರುಗಿಸಿ ಲಾಕ್ ಮಾಡಿ, ಮಾಮೂಲಿ ಮೂರು ಆಕ್ಸಿಸ್ ಹಾಗೆ ಕೊರೆಯುತ್ತೇವೆ. ಇದಕ್ಕೆ ಮೂರು ಪ್ಲಸ್ ಎರಡು ಅನ್ನುತ್ತೇವೆ. ನಿಜ ಹೇಳಬೇಕೆಂದರೆ ನಮ್ಮಲ್ಲಿ ಬರುವ ಜಾಬುಗಳಲ್ಲಿ ಮುಕ್ಕಾಲು ಪಾಲು ಇಷ್ಟೇ. ಇನ್ನೊಂದರಲ್ಲಿ ಐದೂ ಒಟ್ಟಿಗೆ ಚಲಿಸುತ್ತವೆ. ಇಂಪೆಲ್ಲರ್ (ಪಂಪಿನೊಳಗಿನ ಬ್ಲೇಡಿನ ಚಕ್ರ) ತಗೊಳ್ಳಿ, ಬ್ಲೇಡ್ ತಿರುಚಿಕೊಂಡು ಹೋಗುತ್ತದೆ, ಪಕ್ಕದ ಬ್ಲೇಡಿಗೆ ತಾಗದ ಹಾಗೆ ಟೂಲ್ ಓರೆಯಾಗುತ್ತಲೇ ಇರಬೇಕು. ಅಲ್ಲಿ ಬೇರೆ ದಾರಿಯೇ ಇಲ್ಲ.

ನಿಖರತೆಯ ವಿಷಯಕ್ಕೆ ಬಂದರೆ, ಆಕ್ಸಿಸ್ ಜಾಸ್ತಿ ಆದ ಹಾಗೆ ತಪ್ಪಿಗೂ ಬಾಗಿಲು ಜಾಸ್ತಿ. ತಿರುಗುವ ಟೇಬಲ್ಲಿನಲ್ಲಿ 5 ಆರ್ಕ್‌ಸೆಕೆಂಡ್ ತಪ್ಪಿದ್ದರೆ, ಸೆಂಟರಿನಿಂದ 200 ಮಿ.ಮೀ. ದೂರದಲ್ಲಿ ಅದು ಹೆಚ್ಚುಕಡಿಮೆ 5 ಮೈಕ್ರಾನ್ ಆಗುತ್ತದೆ. ತಿರುಗುವ ಸೆಂಟರ್ ಎಲ್ಲಿದೆ ಅಂತ ಕಂಟ್ರೋಲಿನಲ್ಲಿ ಬರೆದಿರುವ ಅಂಕಿಗೂ ನಿಜವಾದ ಜಾಗಕ್ಕೂ 10 ಮೈಕ್ರಾನ್ ವ್ಯತ್ಯಾಸ ಇದ್ದರೆ, 180 ಡಿಗ್ರಿ ತಿರುಗಿದಾಗ ಅದು ಎರಡರಷ್ಟಾಗಿ ಕಾಣುತ್ತದೆ. ಅದಕ್ಕೇ ನಾವು ಗೋಲಿ ಇಟ್ಟು ಪ್ರೋಬ್ ಹಚ್ಚಿ ಆ ಸೆಂಟರನ್ನು ಆಗಾಗ ಹುಡುಕುತ್ತಿರುತ್ತೇವೆ.

ಯಜಮಾನರಿಗೆ ಹೀಗೆ ಕೇಳಿ: ಐದು ಮುಖದಲ್ಲಿ ಕೆಲಸ ಇರುವ ಪೆಟ್ಟಿಗೆ ಆಕಾರದ ಜಾಬು, ಓರೆ ತೂತು, ಮೋಲ್ಡ್ ಕೆಲಸ ನಮ್ಮ ಹತ್ತಿರ ಇದೆಯಾ? ಇದ್ದರೆ ಖಂಡಿತ ತಗೊಳ್ಳಲಿ. ಈ ಸ್ಲೀವಿಗಾಗಿ ಬೇಡ.

ತಂತಿ ಮತ್ತು ಕಿಡಿ

ಸ್ಲಾಟಿನ ಬಗ್ಗೆ ಯಾರೂ ಮಾತಾಡಲಿಲ್ಲ, ನಾನು ಹೇಳುತ್ತೇನೆ. 1.5 ಮಿ.ಮೀ. ಸ್ಲಾಟನ್ನು 1.5ರ ಎಂಡ್‌ಮಿಲ್ಲಿನಲ್ಲಿ ಹೊಡೆದರೆ ತುದಿ ಅರ್ಧ ಚಂದ್ರನ ಹಾಗೆ ಬರುತ್ತದೆ, ರೇಡಿಯಸ್ 0.75. ನಿಮ್ಮ ಡ್ರಾಯಿಂಗ್ 0.2 ಕೇಳುತ್ತಿದೆ. ತಿರುಗುವ ಟೂಲಿನಿಂದ ಅದು ಆಗದ ಮಾತು. 0.4ರ ಸಣ್ಣ ಎಂಡ್‌ಮಿಲ್ ಹಾಕಿದರೆ ಅಂತ ಕೇಳಬಹುದು. ಗೋಡೆಯೇ 6.5 ಮಿ.ಮೀ. ದಪ್ಪ ಇದೆ, ಅಷ್ಟು ಆಳಕ್ಕೆ ಆ ಟೂಲ್ ಉಳಿಯುವುದಿಲ್ಲ.

ಇಲ್ಲಿ ಇಡಿಎಂ ಬೇಕು. ಕಿಡಿಯಿಂದ ಲೋಹವನ್ನು ತಿನ್ನಿಸುವ ಕೆಲಸ. ಸೋವಿಯತ್ ಒಕ್ಕೂಟದಲ್ಲಿ ಲಜರೆಂಕೊ ದಂಪತಿ 1943ರಲ್ಲಿ ಇದನ್ನು ಕಂಡುಕೊಂಡರು. ಅವರು ಹುಡುಕುತ್ತಿದ್ದದ್ದು ಸ್ವಿಚ್ಚಿನ ಕಾಂಟ್ಯಾಕ್ಟುಗಳು ಕಿಡಿಯಿಂದ ಸವೆಯದ ಹಾಗೆ ಮಾಡುವ ದಾರಿ. ಸವೆಯುವುದನ್ನು ತಡೆಯಲು ಹೋದವರು ಅದೇ ಸವೆತವನ್ನು ಹತೋಟಿಗೆ ತಂದು ಕೆಲಸಕ್ಕೆ ಹಚ್ಚಿದರು. ಟೂಲ್ ಜಾಬನ್ನು ಮುಟ್ಟುವುದೇ ಇಲ್ಲ, ಹಾಗಾಗಿ ಜಾಬ್ 60 ಎಚ್‌ಆರ್‌ಸಿ ಇದ್ದರೂ ಮೆತ್ತಗಿದ್ದರೂ ಒಂದೇ. ಕರೆಂಟ್ ಹರಿಯಬೇಕು, ಅಷ್ಟೇ.

ಎರಡು ಬಗೆ ಇವೆ. ವೈರ್‌ಕಟ್‌ನಲ್ಲಿ ತಂತಿ, ಸಾಮಾನ್ಯವಾಗಿ 0.25 ಮಿ.ಮೀ. ಹಿತ್ತಾಳೆ ತಂತಿ, ಮೇಲಿನಿಂದ ಕೆಳಗೆ ಓಡುತ್ತಾ ಗರಗಸದ ಹಾಗೆ ಕುಯ್ಯುತ್ತದೆ. ಸುತ್ತ ಡಿಅಯಾನೈಸ್ಡ್ ನೀರು. ಒಮ್ಮೆ ಓಡಿದ ತಂತಿ ಸವೆದಿರುತ್ತದೆ, ಅದು ಮತ್ತೆ ಕೆಲಸಕ್ಕೆ ಬರುವುದಿಲ್ಲ. ಸಿಂಕರ್ ಇಡಿಎಂನಲ್ಲಿ ತಾಮ್ರ ಇಲ್ಲವೇ ಗ್ರಾಫೈಟಿನ ಎಲೆಕ್ಟ್ರೋಡ್ ಮಾಡಿ, ಎಣ್ಣೆಯೊಳಗೆ ನಿಧಾನವಾಗಿ ಇಳಿಸುತ್ತೇವೆ. ಎಲೆಕ್ಟ್ರೋಡಿನ ಆಕಾರವೇ ಗುಂಡಿಯ ಆಕಾರ.

ಈಗ ನೀವು ಹೇಳಬೇಕಾದ್ದು ಒಂದಿದೆ. ಎರಡು ಸ್ಲಾಟ್ ಎದುರುಬದುರು ಇವೆಯಾ, ಅಥವಾ ಬೇರೆ ಬೇರೆ ಕೋನದಲ್ಲಾ?

ಹೊಸ ಸೆಟ್ಟರ್

ಎದುರುಬದುರು. ಸರಿಯಾಗಿ 180 ಡಿಗ್ರಿ, ಒಂದೇ ಅಳತೆ.

ತಂತಿ ಮತ್ತು ಕಿಡಿ

ಹಾಗಿದ್ದರೆ ಚಿಂತೆ ಬಿಡಿ. ವೈರ್‌ಕಟ್ ಸಾಕು. ತಂತಿ ಒಂದು ಗೋಡೆ ಹೊಕ್ಕು, ಬೋರ್ ದಾಟಿ, ಎದುರಿನ ಗೋಡೆಯಲ್ಲಿ ಹೊರಡುತ್ತದೆ. ಎರಡೂ ಸ್ಲಾಟ್ ಒಂದೇ ಓಟದಲ್ಲಿ ಆಗುತ್ತವೆ, ಹಾಗಾಗಿ ಒಂದಕ್ಕೊಂದು ತಪ್ಪುವ ಪ್ರಶ್ನೆಯೇ ಬರುವುದಿಲ್ಲ. ಒಂದೇ ಗೋಡೆಯಲ್ಲಿ ಸ್ಲಾಟ್ ಇದ್ದಿದ್ದರೆ ತಂತಿ ಎದುರಿನ ಗೋಡೆಯನ್ನೂ ಕುಯ್ಯುತ್ತಿತ್ತು, ಆಗ ಸಿಂಕರ್‌ಗೇ ಹೋಗಬೇಕಿತ್ತು.

ತಂತಿಯ ಅರ್ಧ 0.125, ಕಿಡಿಯ ಸಂದು 0.02, 0.03 ಸೇರಿಸಿ. ಮೂಲೆ ರೇಡಿಯಸ್ 0.15 ಸುಮಾರು ಬರುತ್ತದೆ. 0.2 ಒಳಗೆ ಇದೆ. ತಂತಿ ಪೋಣಿಸಲು ಒಂದು ತೂತು ಬೇಕು, ಅದನ್ನು ಹಾರ್ಡನಿಂಗಿಗೆ ಮೊದಲು ಟರ್ನ್‌ಮಿಲ್ಲಿನಲ್ಲೇ 1 ಮಿ.ಮೀ. ಡ್ರಿಲ್ಲಿನಲ್ಲಿ ಹಾಕಿಬಿಡಿ. ಗೋಡೆ ಆಳಕ್ಕೆ 1 ಮಿ.ಮೀ. ಡ್ರಿಲ್ ಕಷ್ಟ ಅನ್ನಿಸಿದರೆ ಇಡಿಎಂ ಡ್ರಿಲ್ ಇದೆ, ಗಟ್ಟಿಯಾದ ಮೇಲೂ ತೂತು ಹೊಡೆಯುತ್ತದೆ.

ಒಂದೇ ಕಟ್‌ನಲ್ಲಿ ಮುಗಿಸಬೇಡಿ. ಮೊದಲ ಕಟ್ ಜೋರಾಗಿ, ಆಮೇಲೆ ಎರಡು ಸ್ಕಿಮ್ ಕಟ್ ಕಡಿಮೆ ಕರೆಂಟಿನಲ್ಲಿ. ಕಿಡಿ ಬಿದ್ದ ಜಾಗದಲ್ಲಿ ಲೋಹ ಕರಗಿ ಮತ್ತೆ ಗಟ್ಟಿಯಾಗಿ ಒಂದು ತೆಳ್ಳನೆ ಪದರ ಉಳಿಯುತ್ತದೆ. ಗಾಜಿನ ಹಾಗೆ ಬಿರುಸು. ಸ್ಕಿಮ್ ಕಟ್ ಆ ಪದರವನ್ನು ಕೆಲವೇ ಮೈಕ್ರಾನಿಗೆ ಇಳಿಸುತ್ತದೆ. ವಾಲ್ವಿನಲ್ಲಿ ಎಣ್ಣೆ ಹರಿಯುವ ಅಂಚು ಅದೇ, ಅಲ್ಲಿ ಚೂರು ಉದುರಿದರೆ ಒಳಗೆ ಗೀರು ಬೀಳುತ್ತದೆ. ಮತ್ತೆ, ಸ್ಲಾಟನ್ನು ಗ್ರೈಂಡಿಂಗ್ ಆದ ಮೇಲೆ ಕೊನೆಗೆ ಕುಯ್ಯಿರಿ. ವೈರ್‌ಕಟ್ ಅಂಚಿನಲ್ಲಿ ಬರ್ (ಲೋಹದ ಸಿಬಿರು) ಏಳುವುದಿಲ್ಲ, ಚೂಪಾಗಿ ಉಳಿಯುತ್ತದೆ.

ಸಾಣೆಕಲ್ಲು

ನಿಮ್ಮ 30, 40 ಮೈಕ್ರಾನಿನ ಕಾರಣ ಬರೀ ಚಕ್ ಅಲ್ಲ. ನೀವು ಬೋರನ್ನು ಹಾರ್ಡನಿಂಗ್ ಆದ ಮೇಲೆ ಮುಟ್ಟಿಯೇ ಇಲ್ಲ. ಕುಲುಮೆಗೆ ಹೋಗಿ ಬಂದ ಸ್ಲೀವ್ ಹೋದ ಹಾಗೇ ಬರುವುದಿಲ್ಲ. ಸ್ವಲ್ಪ ಬಾಗುತ್ತದೆ, ಸ್ವಲ್ಪ ಮೊಟ್ಟೆಯಾಕಾರ ಆಗುತ್ತದೆ. ನೀವು ಹೊರಮೈಯನ್ನು ಮಾತ್ರ ನೇರ ಮಾಡಿದರೆ ಒಳಗಿನ ಸೊಟ್ಟ ಹಾಗೇ ಉಳಿಯಿತು. ಅದು ಎರಡು ಬೇರೆ ಬೇರೆ ಸೆಂಟರಿನ ಸ್ಲೀವ್ ಆಯಿತು ಅಲ್ವಾ?

ಹೊರಮೈ ಗ್ರೈಂಡಿಂಗ್ ಸೆಂಟರ್‌ಲೆಸ್‌ನಲ್ಲಿ ಮಾಡಿಸಿದಿರಾ? ನನ್ನ ಅನುಮಾನ ಅದೇ. ಸೆಂಟರ್‌ಲೆಸ್ ತುಂಬಾ ವೇಗ, ವ್ಯಾಸವನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಅದು ಜಾಬನ್ನು ಹೊರಮೈಯಿಂದಲೇ ಹಿಡಿಯುತ್ತದೆ, ಬೋರ್ ಎಲ್ಲಿದೆ ಅಂತ ಅದಕ್ಕೆ ಗೊತ್ತೇ ಇಲ್ಲ.

ಕ್ರಮ ಹೀಗಿಟ್ಟುಕೊಳ್ಳಿ. ಟರ್ನ್‌ಮಿಲ್ಲಿನಲ್ಲಿ ಹೊರಮೈ ಮತ್ತು ಬೋರ್ ಎರಡಕ್ಕೂ ವ್ಯಾಸದ ಮೇಲೆ 0.25 ಮಿ.ಮೀ. ಬಿಡಿ. ಹಾರ್ಡನಿಂಗ್. ಮೊದಲು ಇಂಟರ್ನಲ್ ಗ್ರೈಂಡಿಂಗಿನಲ್ಲಿ ಬೋರ್ ಮುಗಿಸಿ. ಆಮೇಲೆ ಆ ಬೋರಿಗೆ ಟೇಪರ್ ಮ್ಯಾಂಡ್ರೆಲ್ (ಬೋರಿನಲ್ಲಿ ಬಿಗಿಯಾಗಿ ಕೂರುವ ದಂಡ) ಹಾಕಿ, ಎರಡು ಸೆಂಟರ್ ನಡುವೆ ಕಟ್ಟಿ, ಸಿಎನ್‌ಸಿ ಸಿಲಿಂಡ್ರಿಕಲ್ ಗ್ರೈಂಡರಿನಲ್ಲಿ ಹೊರಮೈ ತೆಗೆಯಿರಿ. ಈ ಎರಡು ಸೆಂಟರ್ ತಿರುಗುವುದಿಲ್ಲ, ಸತ್ತ ಸೆಂಟರ್. ಮ್ಯಾಂಡ್ರೆಲ್ ಅವುಗಳ ಮೇಲೆ ತಿರುಗುತ್ತದೆ. ಹಾಗಾಗಿ ಮೆಷೀನಿನ ಹೆಡ್‌ಸ್ಟಾಕ್ ಬೇರಿಂಗಿನ ರನ್‌ಔಟ್ ಜಾಬಿಗೆ ದಾಟುವುದೇ ಇಲ್ಲ. ಸಿಎನ್‌ಸಿ ಬರುವುದಕ್ಕೆ ಎಷ್ಟೋ ಮೊದಲಿನ ಉಪಾಯ ಇದು, ಇವತ್ತಿಗೂ ಇದನ್ನು ಮೀರಿಸಿದ್ದು ನಾನು ನೋಡಿಲ್ಲ.

ವೀಲ್ ಡ್ರೆಸ್ಸಿಂಗ್ (ಸಾಣೆ ಚಕ್ರದ ಮೈ ಕೆರೆದು ಮತ್ತೆ ಚೂಪು ಮಾಡುವುದು) ಮರೆಯಬೇಡಿ. ಎಷ್ಟು ಪೀಸಿಗೆ ಒಮ್ಮೆ ಅಂತ ಪ್ರೋಗ್ರಾಮಿನಲ್ಲೇ ಹಾಕಿ. ಡ್ರೆಸ್ ಮಾಡಿದಷ್ಟು ವೀಲ್ ಸಣ್ಣದಾಗುತ್ತದೆ, ಆ ಲೆಕ್ಕವನ್ನು ಕಂಟ್ರೋಲೇ ಸರಿದೂಗಿಸುತ್ತದೆ.

ಹೊಸ ಸೆಟ್ಟರ್

ಹೌದು, ಸೆಂಟರ್‌ಲೆಸ್‌ನಲ್ಲೇ ಮಾಡಿಸಿದ್ದು. ಇದು ನನಗೆ ಹೊಳೆದೇ ಇರಲಿಲ್ಲ. ಇನ್ನೊಂದು ಕೇಳಲಾ? ಸಿಬಿಎನ್ ಇನ್ಸರ್ಟ್ (ತುಂಬಾ ಗಡಸಾದ ಕಡಿಯುವ ತುದಿ) ಹಾಕಿ ಗಟ್ಟಿಯಾದ ಜಾಬನ್ನೇ ಲೇತಿನಲ್ಲಿ ತಿರುವಬಹುದು ಅನ್ನುತ್ತಾರೆ. ಆಗ ಗ್ರೈಂಡಿಂಗ್ ಬೇಕಾ?

ಲೇತ್ ಬೆಡ್

ಹಾರ್ಡ್ ಟರ್ನಿಂಗ್ ಒಳ್ಳೆಯ ದಾರಿಯೇ. 60 ಎಚ್‌ಆರ್‌ಸಿ ಆರಾಮಾಗಿ ಕಡಿಯುತ್ತದೆ. ಫಿನಿಶ್ ಎಷ್ಟು ಬರುತ್ತದೆ ಅಂತ ಮೊದಲೇ ಲೆಕ್ಕ ಹಾಕಬಹುದು: ಫೀಡನ್ನು ಅದೇ ಫೀಡಿನಿಂದ ಗುಣಿಸಿ, ನೋಸ್ ರೇಡಿಯಸ್ಸಿನ ಎಂಟರಷ್ಟರಿಂದ ಭಾಗಿಸಿ. ಫೀಡ್ 0.2, ರೇಡಿಯಸ್ 0.8 ಆದರೆ ಏಣಿನ ಎತ್ತರ ಸುಮಾರು 6 ಮೈಕ್ರಾನ್. ಫೀಡ್ 0.1 ಮಾಡಿದರೆ ಒಂದೂವರೆ ಮೈಕ್ರಾನ್. ಅರ್ಧ ಮಾಡಿದ್ದಕ್ಕೆ ಕಾಲು ಭಾಗಕ್ಕೆ ಇಳಿಯಿತು ನೋಡಿ. ಇದು ಕಾಗದದ ಮೇಲಿನ ಲೆಕ್ಕ, ಮೆಷೀನಿನಲ್ಲಿ ಇದಕ್ಕಿಂತ ಸ್ವಲ್ಪ ಒರಟೇ ಬರುತ್ತದೆ. ಆದರೆ ಗಟ್ಟಿಯಾದ ಜಾಬಿನ ಅಡ್ಡ ತೂತಿನ ಮೇಲೆ ಹೋಗುವಾಗ ಇನ್ಸರ್ಟ್ ಬಿಟ್ಟುಬಿಟ್ಟು ಹೊಡೆತ ತಿನ್ನುತ್ತದೆ, 200 ಪೀಸಿಗೆ ಎಷ್ಟು ಅಂಚು ಚಕ್ಕೆ ಏಳುತ್ತದೋ ಹೇಳಲಾಗದು. 13 ಮೈಕ್ರಾನಿಗೆ ನಾನು ಗ್ರೈಂಡಿಂಗಿಗೇ ಹೋಗುತ್ತೇನೆ.

ಗೇಜ್ ರೂಮ್

ಅಳತೆಯ ಕಡೆಯಿಂದ ಎರಡು ಮಾತು. ಡ್ರಾಯಿಂಗಿನ ಎಲ್ಲಾ ಅಳತೆಯೂ 20 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅಂತ ಅರ್ಥ. ಬೇರೆ ಏನೂ ಬರೆಯದಿದ್ದರೂ ಅಷ್ಟೇ. ಒಂದು ಮೀಟರ್ ಸ್ಟೀಲ್ ಒಂದು ಡಿಗ್ರಿಗೆ ಸುಮಾರು 11.5 ಮೈಕ್ರಾನ್ ಬೆಳೆಯುತ್ತದೆ, ಅಲ್ಯೂಮಿನಿಯಂ ಅದರ ಎರಡರಷ್ಟು. ನಿಮ್ಮ 25 ಮಿ.ಮೀ. ವ್ಯಾಸ 10 ಡಿಗ್ರಿ ಬಿಸಿ ಇದ್ದರೆ 3 ಮೈಕ್ರಾನ್ ದಪ್ಪ ತೋರಿಸುತ್ತದೆ. ನಿಮಗಿರುವುದೇ 13. ಹೆಚ್ಚುಕಡಿಮೆ ಕಾಲು ಭಾಗ ಬಿಸಿಯಲ್ಲೇ ಹೋಯಿತು. ಮೆಷೀನಿನಿಂದ ತೆಗೆದ ಕೂಡಲೇ ಮೈಕ್ರೋಮೀಟರ್ ಹಚ್ಚಿ ಆಫ್‌ಸೆಟ್ ಕೊಡುವವರನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ. ಹೀಗೆ ಒಂದು ಕಡೆ ಇಡೀ ಲಾಟ್ ತಣ್ಣಗಾದ ಮೇಲೆ ಸಣ್ಣದಾಗಿ ಹೋದದ್ದನ್ನು ನಾನೇ ಅಳೆದು ರಿಜೆಕ್ಟ್ ಸೀಲ್ ಹಾಕಿದ್ದೇನೆ. ಅದನ್ನು ಮಾಡಿದ ಹುಡುಗನ ಮುಖ ಇನ್ನೂ ನೆನಪಿದೆ.

ಮೆಷೀನೂ ಹಾಗೆಯೇ. ಬೆಳಿಗ್ಗೆ ತಣ್ಣಗಿದ್ದ ಬಾಲ್‌ಸ್ಕ್ರೂ ಮಧ್ಯಾಹ್ನ 5 ಡಿಗ್ರಿ ಏರಿದರೆ, 300 ಮಿ.ಮೀ. ಉದ್ದಕ್ಕೆ 17 ಮೈಕ್ರಾನ್ ಬೆಳೆದಿರುತ್ತದೆ. ಮೋಟರಿನ ಎನ್‌ಕೋಡರ್ ಎಷ್ಟು ಸುತ್ತು ತಿರುಗಿತು ಅಂತ ಮಾತ್ರ ಎಣಿಸುತ್ತದೆ, ಸ್ಕ್ರೂ ಉದ್ದ ಆದದ್ದು ಅದಕ್ಕೆ ಕಾಣುವುದಿಲ್ಲ. ಅದಕ್ಕೇ ನಿಖರ ಕೆಲಸದ ಮೆಷೀನುಗಳಲ್ಲಿ ಗಾಜಿನ ಲೀನಿಯರ್ ಸ್ಕೇಲ್ ಇರುತ್ತದೆ, ಅದು ಸ್ಲೈಡ್ ನಿಜವಾಗಿ ಎಲ್ಲಿದೆ ಅಂತ ನೋಡಿ ಹೇಳುತ್ತದೆ. ಮೆಷೀನ್ ಆರಿಸುವಾಗ ಆಕ್ಸಿಸ್ ಎಷ್ಟು ಅಂತ ಕೇಳುವ ಮೊದಲು ಸ್ಕೇಲ್ ಇದೆಯಾ ಅಂತ ಕೇಳಿ. ಸ್ಕೇಲ್ ಇಲ್ಲದಿದ್ದರೆ ಬೆಳಿಗ್ಗೆ ಕನಿಷ್ಠ ಇಪ್ಪತ್ತು ನಿಮಿಷ ವಾರ್ಮ್‌ಅಪ್ ಓಡಿಸಿ, ಊಟದ ಬಿಡುವಿನ ನಂತರವೂ ಓಡಿಸಿ.

ಎರಡನೇ ಶಿಫ್ಟ್

ಈ ಚರ್ಚೆ ಓದಿ ತುಂಬಾ ಕಲಿತೆ. ನಾನು ಇನ್ನೂ ಟ್ರೈನಿ. ಸ್ಲೈಡಿಂಗ್ ಹೆಡ್ ಮತ್ತು ಎಚ್‌ಎಂಸಿ ಬಗ್ಗೆಯೂ ಯಾರಾದರೂ ಹೇಳಿ. ಈ ಸ್ಲೀವಿಗೆ ಅವು ಯಾಕೆ ಬೇಡ?

ಲೇತ್ ಬೆಡ್

ಸ್ಲೈಡಿಂಗ್ ಹೆಡ್ ಹುಟ್ಟಿದ್ದು 19ನೇ ಶತಮಾನದ ಸ್ವಿಟ್ಜರ್ಲೆಂಡಿನಲ್ಲಿ, ಗಡಿಯಾರದ ಸಣ್ಣ ಸ್ಕ್ರೂಗಳಿಗೆ. ಈಗಲೂ ಸ್ವಿಸ್ ಲೇತ್ ಅಂತಲೇ ಕರೆಯುತ್ತೇವೆ. ಮಾಮೂಲಿ ಲೇತಿನಲ್ಲಿ ಜಾಬ್ ನಿಂತಲ್ಲೇ ಸುತ್ತುತ್ತದೆ, ಟೂಲ್ ಉದ್ದಕ್ಕೂ ಹೋಗುತ್ತದೆ. ಇಲ್ಲಿ ಹೆಡ್‌ಸ್ಟಾಕ್ ಬಾರನ್ನು ಹಿಡಿದುಕೊಂಡು ತಾನೇ ಮುಂದೆ ಸರಿಯುತ್ತದೆ. ಬಾರ್ ಒಂದು ಗೈಡ್ ಬುಷ್ ಮೂಲಕ ಹೊರಬರುತ್ತದೆ, ಟೂಲ್ ಆ ಬುಷ್ ಬಾಯಿಯ ಪಕ್ಕದಲ್ಲೇ ಕಡಿಯುತ್ತದೆ. ಹಾಗಾಗಿ ವ್ಯಾಸ 3, ಉದ್ದ 60 ಇರುವ ಪಿನ್ ಕೂಡ ಬಾಗುವುದಿಲ್ಲ. ಚಕ್ಕಿನಲ್ಲಿ ಅದನ್ನು ಹಿಡಿದು ಕಡಿದರೆ ತುದಿ ಹಿಂದಕ್ಕೆ ತಳ್ಳಿಸಿಕೊಂಡು ದಪ್ಪ ಉಳಿಯುತ್ತದೆ. ನಮ್ಮ ಸ್ಲೀವ್ ಉದ್ದ ವ್ಯಾಸದ ಎರಡೂವರೆಯಷ್ಟೂ ಇಲ್ಲ, ಗಟ್ಟಿಮುಟ್ಟಾಗಿದೆ. ಜೊತೆಗೆ ಗೈಡ್ ಬುಷ್‌ಗೆ ಗ್ರೈಂಡ್ ಮಾಡಿದ ಬಾರ್ ಬೇಕು. ಬಾರಿನ ವ್ಯಾಸ ಏರುಪೇರಾದರೆ ಜಾಬೂ ಏರುಪೇರು.

ಎಚ್‌ಎಂಸಿಯಲ್ಲಿ ಸ್ಪಿಂಡಲ್ ಅಡ್ಡ ಮಲಗಿರುತ್ತದೆ. ಚಿಪ್ಸ್ ತಾನಾಗಿ ಕೆಳಗೆ ಬೀಳುತ್ತದೆ. ವಿಎಂಸಿಯಲ್ಲಿ ಆಳದ ಪಾಕೆಟ್ ಕಡಿಯುವಾಗ ಚಿಪ್ಸ್ ಒಳಗೇ ಕೂತು ಟೂಲ್ ಮತ್ತೆ ಅದನ್ನೇ ಅರೆಯುತ್ತಾ ಇರುತ್ತದಲ್ಲ, ಆ ಕಾಟ ಇಲ್ಲಿಲ್ಲ. ಎರಡು ಪ್ಯಾಲೆಟ್ ಇರುತ್ತವೆ: ಒಂದು ಒಳಗೆ ಓಡುತ್ತಿರುವಾಗ ಇನ್ನೊಂದಕ್ಕೆ ಹೊರಗೆ ಜಾಬ್ ಕಟ್ಟಬಹುದು. ಗೇರ್‌ಬಾಕ್ಸ್ ಹೌಸಿಂಗ್, ವಾಲ್ವ್ ಬ್ಲಾಕ್ ಅಂಥವಕ್ಕೆ ಅದೇ ಸರಿ.

ನೀವು ಟ್ರೈನಿ ಅಂದಿರಿ, ಒಂದು ಮಾತು ದಯವಿಟ್ಟು ನೆನಪಿಡಿ. ಲೇತಿನಲ್ಲಿ ಜಿ96 ಹಾಕಿದರೆ ಕಟಿಂಗ್ ಸ್ಪೀಡ್ ಒಂದೇ ಇರಲಿ ಅಂತ ಕಂಟ್ರೋಲ್ ಆರ್‌ಪಿಎಂ ಏರಿಸುತ್ತಾ ಹೋಗುತ್ತದೆ. ನಿಮಿಷಕ್ಕೆ 200 ಮೀಟರ್ ಸ್ಪೀಡಿಗೆ 25 ವ್ಯಾಸದಲ್ಲಿ ಸುಮಾರು 2,550 ಆರ್‌ಪಿಎಂ. ಫೇಸಿಂಗ್ ಮಾಡುತ್ತಾ 5 ವ್ಯಾಸಕ್ಕೆ ಬಂದಾಗ 12,700 ಕೇಳುತ್ತದೆ, ಮೆಷೀನ್ ತನ್ನ ಗರಿಷ್ಠಕ್ಕೆ ಹೋಗಿ ನಿಲ್ಲುತ್ತದೆ. ಆ ವೇಗದಲ್ಲಿ ಚಕ್ಕಿನ ಜಾ ಹೊರಕ್ಕೆ ಎಳೆಸಿಕೊಂಡು ಹಿಡಿತ ಸಡಿಲ ಆಗುತ್ತದೆ. ನಾನು ಕಲಿಯುವಾಗ ಪಕ್ಕದ ಮೆಷೀನಿನಲ್ಲಿ ಜಾಬ್ ಕಿತ್ತುಕೊಂಡು ಬಂದು ಬಾಗಿಲಿನ ಗಾಜಿಗೆ ಬಡಿದಿತ್ತು. ಗಾಜು ತಡೆಯಿತು. ಹೆಚ್ಚಿನ ಲೇತುಗಳಲ್ಲಿ ಜಿ50 ಜೊತೆ ಎಸ್ ಬರೆದರೆ ಮಿತಿ ಬೀಳುತ್ತದೆ, ಕೆಲವು ಕಂಟ್ರೋಲುಗಳಲ್ಲಿ ಜಿ92. ಪ್ರೋಗ್ರಾಮ್ ಯಾರು ಬರೆದುಕೊಟ್ಟರೂ ಆ ಸಾಲು ಇದೆಯಾ ನೋಡದೆ ಸ್ಟಾರ್ಟ್ ಒತ್ತಬೇಡಿ.

ಹೊಸ ಸೆಟ್ಟರ್

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. 20 ಪೀಸ್ ಟ್ರಯಲ್ ಮುಗಿಯಿತು. ಯಜಮಾನರಿಗೆ ಈ ಚರ್ಚೆಯನ್ನೇ ಓದಿಸಿದೆ. ಟರ್ನ್‌ಮಿಲ್ ಇರುವ ಕಡೆ ಹೊರಗೆ ಮಾಡಿಸಿದೆವು, ಬೋರ್ ಗ್ರೈಂಡಿಂಗ್, ಮ್ಯಾಂಡ್ರೆಲ್ ಹಾಕಿ ಹೊರಮೈ, ಕೊನೆಗೆ ವೈರ್‌ಕಟ್. ವೈರ್‌ಕಟ್‌ನಲ್ಲಿ ಕೋನಕ್ಕೆ ಅಡ್ಡ ತೂತಿಗೇ ಪಿನ್ ಹಾಕಿ ರೆಫರೆನ್ಸ್ ತಗೊಂಡೆವು. ಕಾನ್ಸೆಂಟ್ರಿಸಿಟಿ 20ಕ್ಕೆ 20 ಪೀಸೂ 6 ಮೈಕ್ರಾನ್ ಒಳಗೆ! ಸ್ಲಾಟಿನ ಮೂಲೆ 0.16. ಲೂಪ್ (ಭೂತಗನ್ನಡಿ) ಹಿಡಿದು ನೋಡಿದರೆ ಅಂಚು ಬ್ಲೇಡಿನ ಹಾಗಿದೆ.

ಆದರೆ ಎರಡು ಪೀಸಿನ ಹೊರವ್ಯಾಸ ದಪ್ಪ ಬಂದಿದೆ. 18ನೆಯದು ಮೇಲಿನ ಮಿತಿಗಿಂತ 2 ಮೈಕ್ರಾನ್, 20ನೆಯದು 6 ಮೈಕ್ರಾನ್ ಜಾಸ್ತಿ.

ಗೇಜ್ ರೂಮ್

ಯಾವಾಗ ಅಳೆದಿರಿ? ಗ್ರೈಂಡಿಂಗ್ ಆದ ಕೂಡಲೇನಾ? ಎರಡನ್ನೂ ಗುರುತು ಹಾಕಿ, ಗ್ರಾನೈಟ್ ಮೇಲೆ ರಾತ್ರಿ ಪೂರ್ತಿ ಬಿಡಿ. ಮಾಸ್ಟರ್ (ಹೋಲಿಸಿ ನೋಡುವ ಅಳತೆಯ ತುಂಡು) ಕೂಡ ಪಕ್ಕದಲ್ಲೇ ಇರಲಿ. ಬೆಳಿಗ್ಗೆ ಕೈಯಲ್ಲಿ ಹಿಡಿಯದೆ ಬಟ್ಟೆಯಿಂದ ಎತ್ತಿ ಅಳೆಯಿರಿ.

ಹೊಸ ಸೆಟ್ಟರ್

ಮಾಡಿದೆ. 18ನೆಯದು ಮಿತಿಯೊಳಗೆ ಬಂತು. 20ನೆಯದು ಇನ್ನೂ 4 ಮೈಕ್ರಾನ್ ದಪ್ಪವೇ ಇದೆ.

ಸಾಣೆಕಲ್ಲು

ಡ್ರೆಸ್ಸಿಂಗ್ ಎಷ್ಟು ಪೀಸಿಗೆ ಹಾಕಿದ್ದೀರಿ?

ಹೊಸ ಸೆಟ್ಟರ್

25ಕ್ಕೆ.

ಸಾಣೆಕಲ್ಲು

15ಕ್ಕೆ ಇಳಿಸಿ. ವೀಲ್ ಮೊಂಡಾದರೆ ಕಡಿಯುವುದು ಬಿಟ್ಟು ತಳ್ಳುತ್ತದೆ, ಜಾಬ್ ಬಿಸಿಯೂ ಆಗುತ್ತದೆ, ದಪ್ಪವೂ ಉಳಿಯುತ್ತದೆ. ನಿಮ್ಮ 18ನೆಯದು ಬಿಸಿ, 20ನೆಯದು ಮೊಂಡು, ಎರಡೂ ಅದೇ ವೀಲಿನ ಕಥೆ. ದಪ್ಪ ಇರುವುದನ್ನು ಎಸೆಯಬೇಡಿ, ಮತ್ತೆ ಅದೇ ಮ್ಯಾಂಡ್ರೆಲ್ ಮೇಲೆ ಹಾಕಿ 8 ಮೈಕ್ರಾನ್ ತೆಗೆದರೆ ಮಿತಿಯೊಳಗೆ ಕೂರುತ್ತದೆ. ಉಳಿದ 180 ಶುರು ಮಾಡಿ.